ನನಗೇ ಅಕ್ಷರ ಬಾರದು, ಮಗುವಿನ ಶಾಲೆಗಾಗಿ ಏನು ಮಾಡಲಿ?

ಮಗು ಪ್ರಾಥಮಿಕ ಶಾಲೆಯನ್ನು ನಡುವೆಯೇ ಬಿಡದಂತೆ ನೋಡಿಕೊಳ್ಳಲು, ಓದುಬರಹ ಬಾರದ ತಂದೆತಾಯಿ ಏನು ಮಾಡಬಹುದು ಎಂದು ನನ್ನನ್ನು ಅನೇಕರು ಕೇಳುತ್ತಾರೆ. ಪಾಠದ ಹೊಣೆಯನ್ನು ಶಿಕ್ಷಕರಿಗೆ ಬಿಟ್ಟು, ಮಗು ಶಾಲೆಗೆ ಹೋಗದ ದಿನಗಳ ಲೆಕ್ಕವನ್ನು ನೀವು ಇಟ್ಟುಕೊಳ್ಳಿ ಎಂಬುದೇ ನನ್ನ ಉತ್ತರ. ಕ್ಯಾಲೆಂಡರಿನ ಮೇಲೆ ಒಂದು ಗೀಟು ಎಳೆಯಲು ಅಕ್ಷರಜ್ಞಾನ ಬೇಕಿಲ್ಲ.

ಯಾವ ಮಗುವೂ ಒಂದೇ ದಿನದಲ್ಲಿ ಶಾಲೆ ಬಿಡುವುದಿಲ್ಲ. ಜ್ವರಕ್ಕೆಂದು ಎರಡು ದಿನ, ನೆಂಟರ ಮದುವೆಗೆಂದು ಮೂರು ದಿನ, ಎಳೆಯ ತಂಗಿಯನ್ನು ನೋಡಿಕೊಳ್ಳಲು ಮತ್ತೊಂದು ದಿನ ಎಂದು ತಪ್ಪಿಸಿಕೊಳ್ಳುವಷ್ಟರಲ್ಲಿ ತರಗತಿ ಗುಣಾಕಾರ ಮುಗಿಸಿ ಭಾಗಾಕಾರಕ್ಕೆ ಹೋಗಿರುತ್ತದೆ. ಏನೂ ತಿಳಿಯದೆ ಹಿಂದಿನ ಸಾಲಿನಲ್ಲಿ ಕುಳಿತ ಮಗು ಮರುದಿನ ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತದೆ. ಆ ನೋವು ಸುಳ್ಳೆಂದು ಗದರಬೇಡಿ, ಚಿಕ್ಕ ಮಕ್ಕಳ ಭಯ ಎಷ್ಟೋ ಸಲ ಹೊಟ್ಟೆಯಲ್ಲೇ ಕಾಣಿಸಿಕೊಳ್ಳುತ್ತದೆ.

ಶಾಲೆಯ ದಿನಗಳಲ್ಲಿ ಶೇ 10ರಷ್ಟು ತಪ್ಪಿದರೆ ಅದನ್ನು ಅಪಾಯದ ಮಟ್ಟವೆಂದು ಹಲವೆಡೆ ಪರಿಗಣಿಸುತ್ತಾರೆ. ವರ್ಷಕ್ಕೆ 200 ದಿನ ಶಾಲೆ ನಡೆಯುವುದಾದರೆ ಇದು 20 ದಿನ, ಅಂದರೆ ತಿಂಗಳಿಗೆ ಸುಮಾರು ಎರಡು ದಿನ ಮಾತ್ರ. ಇಷ್ಟು ಸಣ್ಣದಾಗಿರುವುದರಿಂದಲೇ ಅದು ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 28,000ಕ್ಕೂ ಹೆಚ್ಚು ಮನೆಗಳನ್ನು ಒಳಗೊಂಡು ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಗು ಒಟ್ಟು ಎಷ್ಟು ದಿನ ಗೈರುಹಾಜರಾಗಿದೆ ಎಂಬುದನ್ನು ಅಂಚೆಯ ಮೂಲಕ ಪೋಷಕರಿಗೆ ತಿಳಿಸಿದ್ದರಿಂದಲೇ ತೀವ್ರ ಗೈರುಹಾಜರಿ ಶೇ 10ರಷ್ಟು ಅಥವಾ ಅದಕ್ಕಿಂತ ಹೆಚ್ಚು ತಗ್ಗಿತು. ಆ ತಂದೆತಾಯಿಯರಿಗೆ ಅಕ್ಕರೆಯ ಕೊರತೆ ಇರಲಿಲ್ಲ, ಲೆಕ್ಕ ತಿಳಿದಿರಲಿಲ್ಲ ಎಂದೇ ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ಬಡತನದಿಂದ ಮಗುವನ್ನು ದುಡಿಮೆಗೆ ಕಳುಹಿಸುವ ಮನೆಗೆ ಈ ಗೀಟುಗಳಷ್ಟೇ ಸಾಲವು ಎಂಬುದನ್ನು ಒಪ್ಪುತ್ತೇನೆ. ಮೆಕ್ಸಿಕೊ 1997ರಲ್ಲಿ ಆರಂಭಿಸಿದ ಪ್ರೊಗ್ರೆಸಾ ಯೋಜನೆಯು ಮಕ್ಕಳ ಹಾಜರಾತಿಯ ಷರತ್ತಿನೊಡನೆ ತಾಯಂದಿರ ಕೈಗೆ ಹಣ ಕೊಟ್ಟದ್ದು ಇದೇ ಕಾರಣಕ್ಕೆ. ಅಂಥ ನೆರವು ಸರ್ಕಾರದ ಕರ್ತವ್ಯ.

ಆದರೆ ಕೆಲವು ದಿನ ಬಿಟ್ಟು ಮಗು ಶಾಲೆಗೆ ಮರಳುವ ಬೆಳಿಗ್ಗೆ ಅದರ ಕೈ ಹಿಡಿದು ತರಗತಿಯ ಬಾಗಿಲವರೆಗೆ ಹೋಗಿ, ‘ಇವಳಿಗೆ ಯಾವ ಪಾಠ ತಪ್ಪಿದೆ?’ ಎಂದು ಶಿಕ್ಷಕರನ್ನು ಕೇಳುವುದು ನಿಮ್ಮಿಂದ ಮಾತ್ರ ಆಗುವ ಕೆಲಸ.