ಆ ಫ್ಯಾನ್ ಹಾಕಿಸಿದ್ದು ನಾನೇ

ಚೌತಿಗೆ ಒಂಬತ್ತು ದಿನ ಇತ್ತು. ಮುಂಬೈ ಮಾಟುಂಗದ ಹಳೇ ಬಿಲ್ಡಿಂಗಿನ ಎರಡನೇ ಮಾಳಿಗೆ, ನಮ್ಮ ಊರ ಕಡೆಯವರದ್ದೇ ಮನೆ. ಗೋಡೆಗೆ ಲಾಂಬಿ (ಪುಟ್ಟಿ), ಪ್ರೈಮರ್, ಎರಡು ಕೋಟ್. ಕಿಟಕಿ ಬಾಗಿಲಿಗೆ ಘಸಾಯಿ, ಅಂದರೆ ಉಜ್ಜಾಟ, ಆಮೇಲೆ ಆಯಿಲ್ ಪೇಂಟ್. ಇಷ್ಟಕ್ಕೂ ನಮ್ಮ ಪೇಂಟಿಂಗ್ ಆಫೀಸಿನವರು ಬರೆದದ್ದು ಮೂರೇ ದಿನ. ಪ್ಲಾಸ್ಟಿಕ್ ಶೀಟಿಗೆ ಒಂದು ಪೈಸೆಯೂ ಇಟ್ಟಿರಲಿಲ್ಲ.

ಮನೆಯಲ್ಲಿ ಒಂದೂವರೆ ವರ್ಷದ ಮಗು. "ಅಣ್ಣ, ಇದರಲ್ಲಿ ಸೀಸ ಗೀಸ ಇಲ್ಲ ಅಲ್ವಾ?" ಎಂದು ಅದರ ತಾಯಿ ಕೇಳಿದರು. ಡಬ್ಬಿ ತಿರುಗಿಸಿ ತೋರಿಸಿದೆ. 2017ರ ನವೆಂಬರಿನಿಂದ ಮನೆ ಪೇಂಟಿನ ಸೀಸಕ್ಕೆ 90 ಪಿಪಿಎಂ ಮಿತಿ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು. ಹೇಳಿದ್ದು ಸುಳ್ಳಲ್ಲ. ಆದರೆ ನಮ್ಮ ಹುಡುಗ ಉಜ್ಜುತ್ತಿದ್ದದ್ದು ಸಾಗುವಾನಿ ಕಿಟಕಿಯ ಹಳೇ ಏಳು ಪದರಗಳನ್ನು. ಕೆನೆಬಣ್ಣದ ಕೆಳಗೆ ಹಸಿರು, ಅದರ ಕೆಳಗೆ ಕಡು ಹಳದಿ. ಹಳೇ ಆಯಿಲ್ ಪೇಂಟಿನಲ್ಲಿ ಈ ಹಳದಿ ಕಂಡರೆ ಲೆಡ್ ಕ್ರೋಮೇಟ್, ಅಂದರೆ ಸೀಸದ ಬಣ್ಣ, ಎಂದೇ ಹಿಡಿಯಬೇಕು. ಗ್ರಿಲ್ಲಿನ ಬುಡದ ಕೆಂಪನ್ನು ರೆಡ್ ಆಕ್ಸೈಡ್ ಅಂದುಕೊಂಡಿದ್ದೆ. ರೆಡ್ ಆಕ್ಸೈಡ್ ಕಬ್ಬಿಣದ್ದು, ಇಟ್ಟಿಗೆ ಬಣ್ಣ. ಅಲ್ಲಿದ್ದದ್ದು ಹನುಮಂತನ ಸಿಂಧೂರದ ಹಾಗೆ ಹೊಳೆಯುವ ರೆಡ್ ಲೆಡ್, ಸೀಸದ್ದೇ.

ಮಷಿನ್ನಿಗೆ 80 ನಂಬರ್ ಪೇಪರ್, ಒಣ ಉಜ್ಜಾಟ. ಧೂಳು ಹೊರಗೆ ಹೋಗಲಿ ಎಂದು ಫ್ಯಾನ್ ಹಾಕಿಸಿದ್ದು ನಾನೇ. ಬಾಗಿಲಿಗೆ ಹಳೇ ಬೆಡ್‌ಶೀಟ್ ಕಟ್ಟಿದ್ದೆವು, ಅಷ್ಟೇ.

ಕಟಿಂಗ್ ಚಾ ಕುಡಿದು ಮೇಲೆ ಬಂದರೆ ಪಕ್ಕದ ಕೋಣೆಯ ನೆಲದಲ್ಲಿ ತೆಳು ಹಳದಿ ಪುಡಿ, ಪುಡಿಯಲ್ಲಿ ಪುಟ್ಟ ಹೆಜ್ಜೆ. ಮಗು ಮಂಚ ಹಿಡಿದು ನಿಂತಿತ್ತು. ಒಂದು ಕೈಯಲ್ಲಿ ಎಂಜಲು ಖಾರಿ ಬಿಸ್ಕತ್ತು, ಇನ್ನೊಂದು ಕೈಯ ಬೆರಳು ಬಾಯಲ್ಲಿ. ಅಜ್ಜಿ ಹಿಡಿಸೂಡಿ ತಂದು "ಗುಡಿಸಿದ್ರೆ ಆಯ್ತಲ್ಲ ಮಾರಾಯ" ಅಂದರು. ಗುಡಿಸಲು ಬಿಟ್ಟೆ. ನಾಲ್ಕು ಸಲ ಬೀಸುವಷ್ಟರಲ್ಲಿ ಕಿಟಕಿಯ ಬಿಸಿಲಲ್ಲಿ ಪುಡಿಯೆಲ್ಲ ಎದ್ದು ತೇಲಿದ್ದು ಕಂಡ ಮೇಲೆ "ನಿಲ್ಲಿಸಿ" ಅಂದೆ. ಫ್ಯಾನ್ ಆಫ್ ಮಾಡಲು ಆಮೇಲೂ ಒಂದು ನಿಮಿಷ ಹೋಯಿತು. ಅದು ಇವತ್ತಿಗೂ ಚುಚ್ಚುತ್ತದೆ.

ಲೆಕ್ಕ ನೋಡಿ: ನೂರಕ್ಕೆ ಒಂದು ಪಾಲು ಸೀಸವಿರುವ ಒಂದು ಗ್ರಾಂ ಚಕ್ಕೆಯಲ್ಲಿ 10,000 ಮೈಕ್ರೋಗ್ರಾಂ ಸೀಸ. ಮಗುವಿನ 100 ಮಿಲಿ ರಕ್ತದಲ್ಲಿ 5 ಮೈಕ್ರೋಗ್ರಾಂ ಸಿಕ್ಕಿದರೇ ಮೂಲ ಹುಡುಕಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರುತ್ತದೆ. ಕಬ್ಬಿಣದಂಶ ಕಡಿಮೆಯಿದ್ದರೆ ಇನ್ನೂ ಹೆಚ್ಚು.

ಮಗುವಿನ ಬೆರಳು ಚುಚ್ಚಿದ ಟೆಸ್ಟಿನಲ್ಲಿ ಅದೇ ಲೆಕ್ಕದಲ್ಲಿ 19 ಬಂತು. ಚರ್ಮದ ಮೇಲಿನ ಧೂಳೇ ಹನಿಯಲ್ಲಿ ಸೇರುವುದುಂಟಂತೆ, ಹಾಗಾಗಿ ರಕ್ತನಾಳದಿಂದ ರಕ್ತ ತೆಗೆಸಿದರು: 8. ಡಾಕ್ಟರು ಸುರ್ಮಾ, ಅರಿಶಿನ, ಕಲಾಯಿ ಪಾತ್ರೆ ಎಲ್ಲವನ್ನೂ ವಿಚಾರಿಸಿದರು. ಆ 8ರಲ್ಲಿ ನಮ್ಮ ಧೂಳಿನ ಪಾಲೆಷ್ಟು ಎಂದು ರಕ್ತ ಹೇಳುವುದಿಲ್ಲ. ಆಫೀಸಿಗೆ ಅಷ್ಟೇ ಸಾಕಾಯಿತು, ಫೈಲು ಮುಚ್ಚಿದರು.

ಈಗ ಹಳೇ ಮನೆಯಾದರೆ ಮೊದಲು ಬ್ಲೇಡಿನಿಂದ ಮರದವರೆಗೆ ಓರೆಯಾಗಿ ಕೊಯ್ದು ಪದರಗಳನ್ನೆಲ್ಲ ನೋಡುತ್ತೇನೆ. ಮೇಲ್ಪದರಕ್ಕಷ್ಟೇ ಸೀಸ ಪರೀಕ್ಷೆಯ ಸ್ವಾಬ್ ಕಡ್ಡಿ ಒತ್ತಿದರೆ ಏನೂ ತಿಳಿಯುವುದಿಲ್ಲ. ಗಟ್ಟಿಯಿರುವ ಪೇಂಟನ್ನು ಕೀಳಿಸುವುದಿಲ್ಲ; ಒದ್ದೆ ವಾಟರ್ ಪೇಪರಿನಲ್ಲಿ ಹೊಳಪು ತೆಗೆದು ಮೇಲೆ ಕೋಟ್. ಆದರೆ ಕಿಟಕಿಯ ರೆಕ್ಕೆ ಚೌಕಟ್ಟಿಗೆ ಉಜ್ಜುವ ಅಂಚು ಹಾಗೆ ಬಿಡುವಂತಿಲ್ಲ, ತೆರೆದು ಮುಚ್ಚಿದಾಗೆಲ್ಲ ಪುಡಿ ಉದುರುತ್ತದೆ. ಅಲ್ಲಿ ಸ್ಪ್ರೇ ಬಾಟಲಿಯ ನೀರು ಹೊಡೆದು ಒದ್ದೆಯಲ್ಲೇ ಕೆರೆಯಬೇಕು, ಒಣಗಿದರೆ ಮತ್ತೆ ಹೊಡೆಯಬೇಕು. ಬ್ಲೋ ಲ್ಯಾಂಪ್ ಮುಟ್ಟಬಾರದು, ಸೀಸದ ಹೊಗೆಯೇಳುತ್ತದೆ. ನೆಲಕ್ಕೆ ಆರು ಅಡಿ ಆಚೆವರೆಗೆ ಶೀಟು ಹಾಸಿ ಅಂಚಿಗೆ ಟೇಪು. ಮುಗಿದ ಮೇಲೆ ಶೀಟನ್ನು ಒಳಮುಖವಾಗಿ ಮಡಚಿ ಚೀಲಕ್ಕೆ ಹಾಕಿ, ಎರಡು ಬಕೆಟಿನ ಒದ್ದೆ ಮಾಪ್: ಒಂದರಲ್ಲಿ ಸೋಪು ನೀರು, ಇನ್ನೊಂದು ಜಾಲಿಸಲು. ಮನೆಯ ಸಾದಾ ವ್ಯಾಕ್ಯೂಮ್ ಬೇಡ, ಸಣ್ಣ ಪುಡಿಯನ್ನು ಹಿಂದಿನಿಂದ ಊದಿಬಿಡುತ್ತದೆ. ಹುಡುಗರು ಬಟ್ಟೆ ಬದಲಿಸಿಯೇ ಲೋಕಲ್ ಹತ್ತಬೇಕು. ಅವರ ಮನೆಯಲ್ಲೂ ಮಕ್ಕಳಿದ್ದಾರೆ.

ಇದಕ್ಕೆಲ್ಲ ಒಂದು ದಿನ ಹೆಚ್ಚು ಬೇಕು. ಪ್ರತಿ ಕೊಟೇಶನ್ನಿನಲ್ಲೂ ಬರೆಯುತ್ತೇನೆ, ಆಫೀಸಿನವರು ಹೊಡೆದು ಹಾಕುತ್ತಾರೆ, ನಾನು ಮತ್ತೆ ಬರೆದು ಕಳಿಸುತ್ತೇನೆ.