ಅತ್ತಿ ಗಿಡದಲ್ಲಿ ನಾಲ್ಕು ದಿನ

ಯುಗಾದಿ ಮುಗಿದು ಹತ್ತು ದಿನ ಆಗಿತ್ತು. ಧಾರವಾಡದ ಮಾಳಮಡ್ಡಿಯ ನಮ್ಮ ಮನೆ ಹಿತ್ತಲಲ್ಲಿ ಹಳೆಯದೊಂದು ಅತ್ತಿ ಗಿಡವಿದೆ. ಹಣ್ಣು ಬಿದ್ದು ಕೊಳೆತು ನೊಣ ಜಾಸ್ತಿ ಆಗಿದ್ದವು, ಟೊಂಗೆ ಕಡಿಯಲು ಶನಿವಾರ ಬಾ ಎಂದು ಒಬ್ಬರಿಗೆ ಹೇಳಿದ್ದೆ. ಶುಕ್ರವಾರ ಬೆಳಗ್ಗೆ ಹಿತ್ತಲ ಬಾಗಿಲು ತೆಗೆದರೆ ಗಿಡದ ತುಂಬ ಗಲಾಟೆ. ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ, ನಿಲ್ಲುವುದೇ ಇಲ್ಲ.

ಚಳಿಗಾಲ ಕಳೆಯಲು ನಮ್ಮ ಕಡೆ ಬರುವ ಗುಲಾಬಿ ಮೈನಾಗಳು. ಅರವತ್ತರ ತನಕ ಎಣಿಸಿ ಬಿಟ್ಟುಬಿಟ್ಟೆ. ತಲೆ, ರೆಕ್ಕೆ, ಬಾಲ ಕಪ್ಪು, ಬೆನ್ನು ಹೊಟ್ಟೆ ಗುಲಾಬಿ. ಚಳಿಗಾಲದಲ್ಲಿ ಇದೇ ಹಕ್ಕಿ ಮಾಸಿದ ಬಟ್ಟೆಯ ಹಾಗೆ ಕಾಣುತ್ತದೆ. ಗರಿಗಳ ಮಾಸಲು ಅಂಚು ಸವೆದು, ಹೊರಡುವ ಹೊತ್ತಿಗೆ ಒಳಗಿನ ಬಣ್ಣ ಎದ್ದು ಬರುತ್ತದೆ. ಹೊಸ ಗರಿ ಬರಬೇಕಿಲ್ಲ, ಹಳೆಯದು ಸವೆದರೆ ಸಾಕು. ಇದು ನನಗೆ ತುಂಬ ಇಷ್ಟವಾದ ವಿಷಯ.

ವಲಸೆ ಹಕ್ಕಿ ಎಂದರೆ ಗದಗ ಜಿಲ್ಲೆಯ ಮಾಗಡಿ ಕೆರೆ ಎಂದೇ ನನ್ನ ತಲೆಯಲ್ಲಿತ್ತು. ಅದು 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು, ಪಟ್ಟೆ ತಲೆಯ ಹೆಬ್ಬಾತು ನೋಡಲು ನಾವೂ ಹೋಗಿ ಬಂದಿದ್ದೆವು. ಹಿತ್ತಲಿಗೇ ಬಂದು ಕೂರುತ್ತವೆ ಅಂತ ಯಾರು ಅಂದುಕೊಳ್ಳುತ್ತಾರೆ, ಅಲ್ವಾ?

ಅವ್ವ ಸೆರಗಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಅಯ್ಯ, ಇವು ಜೋಳಕ್ಕ ಬೀಳೂ ಹಕ್ಕಿ ಅಲ್ಲೇನು! ನಮ್ಮಪ್ಪ ಇವಕ್ಕ ಎಷ್ಟ್ ಬೈತಿದ್ದ" ಎಂದಳು.

ಅವ್ವನ ತವರು ನವಲಗುಂದದ ಕಡೆ, ಎರೆಹೊಲದ ಸೀಮೆ. ಹಿಂಗಾರಿ ಬಿಳಿಜೋಳ ಹಾಲುಗಾಳಾದಾಗ ಅವಳು ಅಟ್ಟದ ಮೇಲೆ ನಿಂತು, ಒಂದು ಕೈಯಲ್ಲಿ ಡಬ್ಬಿ ಬಡಿಯುತ್ತ, ಅದಕ್ಕೂ ಏಳದಿದ್ದರೆ ಕವಣೆಯಲ್ಲಿ ಕಲ್ಲು ಬೀಸುತ್ತ, ಬೆಳಗಿನಿಂದ ಸಂಜೆವರೆಗೆ ಕೂಗುತ್ತಿದ್ದಳಂತೆ. ಹಿಂಡು ಒಂದೇ ಸಲ ಇಳಿದರೆ ತೆನೆ ಬರಿದು. ಹಸಿ ತೆನೆ ಸುಟ್ಟು ಸೀತನಿ ತಿನ್ನುವ ಆಸೆಯೂ ಅಲ್ಲಿಗೇ ಮುಗಿಯಿತು. ಗಂಟಲು ಬಿದ್ದು ವಾರಗಟ್ಟಲೆ ಮಾತು ಹೊರಡುತ್ತಿರಲಿಲ್ಲ ಎಂದಳು. ಇದನ್ನು ಇಷ್ಟು ವರ್ಷದಲ್ಲಿ ನನಗೆ ಒಮ್ಮೆಯೂ ಹೇಳಿರಲಿಲ್ಲ.

ಇವು ಮಧ್ಯ ಏಷ್ಯಾದ ಹುಲ್ಲುಗಾವಲಿಗೆ ಹೋಗುತ್ತವೆ, ಅಲ್ಲಿ ಮಿಡತೆ ತಿಂದು ಮರಿ ಸಾಕುತ್ತವೆ ಎಂದು ನಾನು ಹೇಳಿದೆ. ಚೀನಾದ ಶಿಂಜಿಯಾಂಗ್‌ನಲ್ಲಿ ಮಿಡತೆ ಕಾಟಕ್ಕೆ ಇವೇ ಮದ್ದೆಂದು ಕಲ್ಲುರಾಶಿ ಹಾಕಿ, ಆ ಸಂದಿಯಲ್ಲಿ ಗೂಡು ಕಟ್ಟಲು ಜಾಗ ಮಾಡಿಕೊಡುತ್ತಾರೆ. ಅವ್ವ ಸ್ವಲ್ಪ ಹೊತ್ತು ಸುಮ್ನೆ ನಿಂತಳು. "ಅಲ್ಲೆ ಕಲ್ಲಿನ ಮನಿ. ಇಲ್ಲೆ ನಾ ಕಲ್ಲ ಒಗೀತಿದ್ದೆ."

ಟೊಂಗೆ ಕಡಿಯುವವರಿಗೆ ಫೋನ್ ಮಾಡಿ ಸದ್ಯಕ್ಕೆ ಬೇಡ ಎಂದೆ. ಶನಿವಾರ, ರವಿವಾರ ಕೂಡ ಅವು ಕದಲಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಎಲೆಯೊಳಗೆ ಸೇರಿಕೊಂಡು ಸಣ್ಣಗೆ ಗೊಣಗುತ್ತಿದ್ದವು. ಸಂಜೆ ಒಟ್ಟಿಗೆ ಎದ್ದು ಎಲ್ಲೋ ಹೋಗಿ, ಬೆಳಗ್ಗೆ ಮತ್ತೆ ಹಾಜರು. ಹಿತ್ತಲ ಕಲ್ಲೆಲ್ಲ ಹಿಕ್ಕೆ, ಒಣಗಲು ಹಾಕಿದ ಹಾಸಿಗೆ ಹೊದಿಕೆಯ ಮೇಲೂ. ಅವ್ವ ಎರಡು ಸಲ ಒಗೆದಳು, ಬೈಯಲಿಲ್ಲ.

ಮಂಗಳವಾರ ಗಿಡದಲ್ಲಿ ಎರಡೇ ಉಳಿದಿದ್ದವು. ಒಂದಕ್ಕೆ ಇನ್ನೂ ಮಸುಕು ಬಣ್ಣ, ಬಹುಶಃ ಹೋದ ವರ್ಷದ ಮರಿ. ಬುಧವಾರ ಅವೂ ಇಲ್ಲ. ಅವ್ವ ಗಿಡದ ಕೆಳಗೆ ನಿಂತು ಮೇಲೆ ನೋಡುತ್ತಿದ್ದಳು.

"ಬಸವ ಜಯಂತಿ ಹೊತ್ತಿಗೆ ಮುಟ್ಟತಾವೇನು?" ಎಂದು ಕೇಳಿದಳು.

ಮೇ ತಿಂಗಳಲ್ಲಿ ಗೂಡು ಶುರು ಮಾಡುತ್ತವೆ ಅವ್ವ, ಅಷ್ಟೊತ್ತಿಗೆ ಮುಟ್ಟಿರುತ್ತವೆ ಎಂದೆ.