ಶನಿವಾರಕ್ಕೆ ಬಿದ್ದ ಲೆಗ್ ಡೇ

ಜುಲೈ ತಿಂಗಳ ಭಾನುವಾರ, ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದ ಒಂದು ಜಿಮ್. ಬೆಳಗಿನಿಂದ ಬಿಡದ ಮಳೆ, ಒಳಗೆ ನಾಲ್ಕೇ ಜನ. ಬೆಂಚಿನ ಮೇಲೆ ಕೂತಿದ್ದ ಕುಂದಾಪುರ ಕಡೆಯ ಹುಡುಗ ಮೊಬೈಲಿನಲ್ಲಿದ್ದ ಶೆಡ್ಯೂಲ್ ತೋರಿಸಿದ. "ಅಣ್ಣ, ಎಂಟು ವಾರ ಆಯ್ತು. ಅಂಗಿ ತೋಳು ಸ್ವಲ್ಪವೂ ಬಿಗಿಯಾಗ್ಲಿಲ್ಲ. ಇದನ್ನು ಬಿಟ್ಟು ಬೇರೆ ಹಿಡೀಬೇಕಾ?"

ಸೋಮವಾರ ಚೆಸ್ಟ್, ಮಂಗಳವಾರ ಬ್ಯಾಕ್, ಬುಧವಾರ ಶೋಲ್ಡರ್, ಗುರುವಾರ ತೋಳಿನ ಮುಂಭಾಗದ ಬೈಸೆಪ್ಸ್, ಶುಕ್ರವಾರ ಹಿಂಭಾಗದ ಟ್ರೈಸೆಪ್ಸ್, ಶನಿವಾರ ಲೆಗ್. ಜಿಮ್ಮಿಗೆ ಹೊಸದಾಗಿ ಸೇರಿದವರ ಕೈಗೆ ಹೆಚ್ಚಾಗಿ ಸಿಗುವ ಚೀಟಿ ಇದೇ.

ಚೀಟಿ ಒಳ್ಳೆಯದೋ ಕೆಟ್ಟದೋ ಎನ್ನುವ ಮೊದಲು ಹಾಜರಿ ಪುಸ್ತಕ ತೆರೆಯಬೇಕು. ತೆರೆದೆವು. ಎಂಟು ವಾರಕ್ಕೆ 48 ದಿನ ಬರಬೇಕಿತ್ತು, ಸಹಿ ಇದ್ದದ್ದು 27. ಸೋಮವಾರ ಏಳು ಸಹಿ, ಮಂಗಳವಾರ ಆರು, ಬುಧವಾರ ಐದು, ಗುರುವಾರ ನಾಲ್ಕು, ಶುಕ್ರವಾರ ಮೂರು, ಶನಿವಾರ ಎರಡು. ವಾರ ಮುಂದೆ ಹೋದಂತೆ ಮೈ ಸೋಲುತ್ತದೆ. ಕೆಲಸ ಮುಂಬೈಯ ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರ, ಫಾಸ್ಟ್ ಲೋಕಲ್ ರೈಲು ಸಿಕ್ಕಿದರೂ ಒಂದು ಗಂಟೆಯ ಮೇಲೆ ನಿಂತೇ ಪ್ರಯಾಣ. ಹಳಿ ಮೇಲೆ ನೀರು ನಿಂತ ದಿನ ಮನೆ ಸೇರುವುದೇ ದೊಡ್ಡದು. ಹೀಗೆ ಎಂಟು ವಾರದಲ್ಲಿ ಎದೆಗೆ ಏಳು ಸಲ ಕೆಲಸ ಬಿತ್ತು, ದೇಹದ ಅತಿ ದೊಡ್ಡ ಸ್ನಾಯುಗಳಿರುವ ತೊಡೆ, ಪೃಷ್ಠಕ್ಕೆ ಎರಡೇ ಸಲ.

ಅವನ ಸೋಮಾರಿತನ ಇದಕ್ಕೆ ಕಾರಣವಲ್ಲ. ವಾರಕ್ಕೊಂದೇ ಸರದಿಯ ಕ್ರಮದಲ್ಲಿ ಒಂದು ದಿನ ತಪ್ಪಿದರೆ ಆ ಸ್ನಾಯುವಿಗೆ 14 ದಿನದ ಅಂತರ ಬೀಳುತ್ತದೆ. ಭಾರ ಎತ್ತಿದ ಮೇಲೆ ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಕಟ್ಟುವ ಕೆಲಸ ಒಂದೆರಡು ದಿನ ಜೋರಾಗಿ ನಡೆದು ಮತ್ತೆ ಮಾಮೂಲಿಗೆ ಇಳಿಯುತ್ತದೆ. ಉಳಿದ ದಿನಗಳಲ್ಲಿ ಆ ಸ್ನಾಯು ಸುಮ್ಮನೆ ಕಾಯುತ್ತದೆ. ಅವನು ಬಂದ ಅದೇ 27 ದಿನಗಳಲ್ಲಿ ಪ್ರತಿ ಸಲ ಇಡೀ ಮೈಗೆ ಸ್ವಲ್ಪ ಸ್ವಲ್ಪ ಕೆಲಸ ಕೊಟ್ಟಿದ್ದರೆ ತೊಡೆಗೂ 27 ಸಲ ಸಿಗುತ್ತಿತ್ತು. ಹೆಚ್ಚಿನ ಒಂದು ದಿನವೂ ಬೇಕಿರಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಆರು ದಿನದ ಕ್ರಮ ವಿಷವಲ್ಲ. ವಾರದ ಒಟ್ಟು ಸೆಟ್ಟುಗಳು (ನಡುವೆ ನಿಲ್ಲಿಸದೆ ಎತ್ತುವ ಒಂದು ಸರದಿಯೇ ಒಂದು ಸೆಟ್) ಸಮ ಇದ್ದರೆ ಅವನ್ನು ಎಷ್ಟು ದಿನಕ್ಕೆ ಹಂಚಿದರು ಎಂಬುದರಿಂದ ಬೆಳವಣಿಗೆಯಲ್ಲಿ ಭಾರೀ ವ್ಯತ್ಯಾಸವೇನೂ ಬರುವುದಿಲ್ಲ. ಜಿಮ್ಮಿನ ಪಕ್ಕದ ಬಿಲ್ಡಿಂಗಿನಲ್ಲೇ ಇದ್ದು ಮನೆಯಿಂದ ಕೆಲಸ ಮಾಡುವವರಿಗೆ ಆರು ದಿನ ಚೆನ್ನಾಗಿಯೇ ನಡೆದೀತು. ಲೋಕಲ್ ನಂಬಿ ಬದುಕುವವರು ಮಾತ್ರ ದಿನ ತಪ್ಪಿದರೂ ಮುರಿಯದ ಕ್ರಮವನ್ನೇ ಆರಿಸಿಕೊಳ್ಳಬೇಕು.

ಮೊಬೈಲ್ ಬದಿಗಿಡಿಸಿ, ನೋಟ್‌ಬುಕ್ಕಿನಲ್ಲಿ ಎರಡು ಪಟ್ಟಿ ಬರೆಸಿದೆವು. ಮೊದಲನೆಯದು: ರಾಡ್ ಹೊತ್ತು ಕೂತೇಳುವ ಸ್ಕ್ವಾಟ್ 3 ಸೆಟ್, ಬೆಂಚ್ ಪ್ರೆಸ್ 3, ಬಗ್ಗಿ ರಾಡ್ ಎಳೆಯುವ ರೋ 3, ಭುಜದ ಬದಿಗೆ ಲ್ಯಾಟರಲ್ ರೈಸ್ 2, ಬೈಸೆಪ್ಸ್ ಕರ್ಲ್ 2. ಎರಡನೆಯದು: ಸೊಂಟದಿಂದ ಬಗ್ಗಿ ರಾಡ್ ಇಳಿಸಿ ಎತ್ತುವ ರೊಮೇನಿಯನ್ ಡೆಡ್‌ಲಿಫ್ಟ್ 3, ಓರೆ ಬೆಂಚಿನ ಮೇಲೆ ಇನ್‌ಕ್ಲೈನ್ ಡಂಬೆಲ್ ಪ್ರೆಸ್ 3, ಬೆನ್ನಿಗೆ ಮೇಲಿಂದ ಕೆಳಗೆ ಎಳೆಯುವ ಲ್ಯಾಟ್ ಪುಲ್‌ಡೌನ್ 3, ಲೆಗ್ ಪ್ರೆಸ್ 2, ಟ್ರೈಸೆಪ್ಸ್ ಪುಶ್‌ಡೌನ್ 2, ಮೀನಖಂಡಕ್ಕೆ 2. ವಾರಕ್ಕೆ ಮೂರು ದಿನ, ಸಾಧ್ಯವಾದಷ್ಟು ನಡುವೆ ಒಂದು ದಿನ ಬಿಟ್ಟು. ಸೋಮವಾರಕ್ಕೆ ಇದು, ಬುಧವಾರಕ್ಕೆ ಅದು ಎಂದು ಹೆಸರು ಹಚ್ಚಲಿಲ್ಲ. ಹಿಂದಿನ ಸಲ ಮೊದಲನೆಯದು ಆಗಿದ್ದರೆ ಈ ಸಲ ಎರಡನೆಯದು, ನಡುವೆ ಎರಡು ದಿನ ಹೋಗಲಿ, ನಾಲ್ಕು ದಿನ ಹೋಗಲಿ. ಸೋಮವಾರ ಇಡೀ ಜಿಮ್ ಚೆಸ್ಟಿಗೆ ಸಾಲು ನಿಂತಿರುವಾಗ ಸ್ಕ್ವಾಟಿನ ಜಾಗ ಖಾಲಿ ಸಿಗುವುದು ಇನ್ನೊಂದು ಲಾಭ.

ಹುಡುಗನಿಗೆ ಇದು ಸಾಲದೆನಿಸಿತು. "ಎದೆಗೆ ಮೂರೇ ಸೆಟ್ಟಾ ಅಣ್ಣ? ನಾನು ಹದಿನೆಂಟು ಮಾಡ್ತಿದ್ದೆ."

ವಾರಕ್ಕೆ ಮೂರು ಸಲ ಮೂರು ಸೆಟ್, ಒಟ್ಟು ಒಂಬತ್ತು. ಹೊಸಬರಿಗೆ ಒಂದು ಸ್ನಾಯುವಿಗೆ ವಾರಕ್ಕೆ ಎಂಟು ಹತ್ತು ನಿಜವಾದ ಸೆಟ್ ಧಾರಾಳ. ವರ್ಷಗಟ್ಟಲೆ ಎತ್ತಿದವರು 10ರಿಂದ 20ರವರೆಗೆ ಹೋಗುತ್ತಾರೆ. ಒಂದೇ ದಿನ 18 ಹಾಕಿದರೆ ಕೊನೆಯ ಏಳೆಂಟು ಸೆಟ್ಟಿನ ಹೊತ್ತಿಗೆ ಭಾರ ಇಳಿದಿರುತ್ತದೆ, ರೆಪ್ (ಒಂದು ಸೆಟ್ಟಿನಲ್ಲಿ ಎತ್ತುವ ಸಲಗಳ ಎಣಿಕೆ) ಇಳಿದಿರುತ್ತದೆ, ಆಯಾಸ ಮಾತ್ರ ಏರಿರುತ್ತದೆ.

ನಿಜವಾದ ಸೆಟ್ ಎಂದರೇನು ಎಂಬುದನ್ನು ಬೆಂಚಿನ ಮೇಲೇ ತೋರಿಸಬೇಕಾಯಿತು. ಅವನು 50 ಕಿಲೋ ಹಾಕಿ ಮಲಗಿದ. ಗೆಳೆಯ ತಲೆಯ ಹಿಂದೆ ನಿಂತು ರಾಡಿನ ಕೆಳಗೆ ಬೆರಳು ಹಿಡಿದ. ನಾಲ್ಕನೇ ರೆಪ್ಪಿಗೆ ರಾಡ್ ಎದೆಯಿಂದ ಒಂದು ಗೇಣು ಮೇಲೆ ಬಂದು ನಿಂತಿತು; "ಆಯ್ತು ಆಯ್ತು, ಇನ್ನೆರಡು" ಎನ್ನುತ್ತ ಗೆಳೆಯ ಎತ್ತಿದ. ಹತ್ತು ಆಯಿತೆಂದು ಇಬ್ಬರೂ ಎಣಿಸಿದರು. ಗೆಳೆಯನ ಮುಂಗೈ ನರಗಳು ಉಬ್ಬಿದ್ದವು, ಅರ್ಧ ವ್ಯಾಯಾಮ ಅವನಿಗೇ ಆಗಿತ್ತು. ಪ್ಲೇಟ್ ಇಳಿಸಿ 40ಕ್ಕೆ ತಂದು, ಸಹಾಯ ಮಾಡುವವನು ರಾಡ್ ಮುಟ್ಟಬಾರದು, ಸಿಕ್ಕಿಹಾಕಿಕೊಂಡರೆ ಮಾತ್ರ ಹಿಡಿಯಬೇಕು ಎಂದು ಹೇಳಿದೆವು. ಎಂಟು ರೆಪ್ ಸ್ವಚ್ಛವಾಗಿ ಬಂತು. ಎಂಟನೆಯದು ತಾನಾಗಿಯೇ ನಿಧಾನವಾಯಿತು. ಆ ನಿಧಾನವೇ ಗುರುತು, ಒಳಗೆ ಇನ್ನು ಒಂದೆರಡು ರೆಪ್ ಮಾತ್ರ ಉಳಿದಿದೆ ಎಂದು. ಅಲ್ಲಿಗೆ ನಿಲ್ಲಿಸಿದರೆ ಸಾಕು. ಐದು ಉಳಿದಿರುವಾಗಲೇ ಇಟ್ಟರೆ ಸ್ನಾಯುವಿಗೆ ಸುದ್ದಿ ಪೂರ್ತಿ ತಲುಪುವುದಿಲ್ಲ.

ಎರಡು ಸೆಟ್ಟಿನ ನಡುವೆ ದೊಡ್ಡ ವ್ಯಾಯಾಮಕ್ಕೆ ಎರಡರಿಂದ ಮೂರು ನಿಮಿಷ, ಕರ್ಲಿನಂಥದಕ್ಕೆ ಒಂದೂವರೆ. 30 ಸೆಕೆಂಡಿಗೇ ಮತ್ತೆ ಹಿಡಿದರೆ ಸ್ನಾಯುವಿಗಿಂತ ಮೊದಲು ಉಸಿರು ಸೋಲುತ್ತದೆ. ಬಿಸಿಯಾಗಲು ಖಾಲಿ ರಾಡಿನಲ್ಲಿ 10, ಮೂವತ್ತರಲ್ಲಿ 5, ಆಮೇಲೆ ಕೆಲಸದ ಭಾರ. ಎಲ್ಲ ಸೇರಿ 55 ನಿಮಿಷ. ರಾತ್ರಿ ಒಂಬತ್ತಕ್ಕೆ ಬಂದವನೂ ಹತ್ತಕ್ಕೆ ಹೊರಡಬಹುದು.

ಮುಂದಿನದೇ ಎಲ್ಲಕ್ಕಿಂತ ಮುಖ್ಯ: ಭಾರ ಏರಿಸುವುದು. ಗರಡಿಮನೆಯವರು, ಇಲ್ಲಿನ ವ್ಯಾಯಾಮಶಾಲೆಯವರು ದಂಡ ಬೈಠಕ್‌ಗಳ ಎಣಿಕೆ ಏರಿಸುತ್ತ ಹೋದರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಗಾಯಗೊಂಡ ಸೈನಿಕರ ತೊಡೆಗೆ ಬಲ ತುಂಬಲು ಭಾರವನ್ನೇ ಹಂತಹಂತವಾಗಿ ಏರಿಸಿ, 1945ರಲ್ಲಿ ಆ ವಿಧಾನ ಪ್ರಕಟಿಸಿದ. ಇಂದಿನ ಜಿಮ್ಮಿನ ಲೆಕ್ಕವೆಲ್ಲ ಅದರ ಸಂತಾನ.

ರಾಡಿನ ವ್ಯಾಯಾಮಕ್ಕೆ 6ರಿಂದ 10 ರೆಪ್ ಇಟ್ಟುಕೊಳ್ಳಿ. ಇವತ್ತು 40 ಕಿಲೋಗೆ 8, 8, 7 ಬಂದರೆ ಹಾಗೇ ಬರೆಯಿರಿ. ಮೂರೂ ಸೆಟ್ 10 ಆದ ದಿನದ ಮರುಸಲ ಎರಡೂ ಬದಿಗೆ 1.25 ಕಿಲೋ ಸೇರಿಸಿ, ಒಟ್ಟು 42.5. ತೊಂದರೆ ಏನೆಂದರೆ ಸಣ್ಣ ಜಿಮ್ಮುಗಳಲ್ಲಿ 1.25ರ ಪ್ಲೇಟೇ ಇರುವುದಿಲ್ಲ. 2.5ರದ್ದು ಹಾಕಿದರೆ 40ರಿಂದ ನೇರ 45. ಅದಕ್ಕೆ ಮೊದಲು ಮೂರೂ ಸೆಟ್ 12 ಮುಟ್ಟಲಿ. ಡಂಬೆಲ್ಲಿನಲ್ಲಿ ಇದು ಇನ್ನೂ ಕಠಿಣ. ಹತ್ತರಿಂದ ಹನ್ನೆರಡೂವರೆಗೆ ಹಾರಿದರೆ ಕಾಲು ಭಾಗ ಭಾರ ಒಮ್ಮೆಲೇ ಹೆಚ್ಚು. ಅಲ್ಲಿ 15 ರೆಪ್ ತನಕ ಕಾಯಬೇಕು. ಪ್ರತಿ ಸೆಟ್ಟೂ ಇನ್ನೆತ್ತಲಾಗದ ಹಂತದ ಹತ್ತಿರ ಹೋದರೆ 6ಕ್ಕೂ 15ಕ್ಕೂ ಬೆಳವಣಿಗೆಯಲ್ಲಿ ಹೆಚ್ಚು ಭೇದವಿಲ್ಲ, ಹಾಗಾಗಿ ನಷ್ಟವಿಲ್ಲ.

ರಾಡನ್ನೂ ನಂಬುವ ಹಾಗಿಲ್ಲ. ದಪ್ಪ ತುದಿಯ ಏಳು ಅಡಿ ರಾಡ್ 20 ಕಿಲೋ; ಪಕ್ಕದಲ್ಲಿರುವ ಸಣ್ಣ ತುದಿಯದು ಅದರ ಅರ್ಧವೂ ಇರಬಹುದು. ಒಂದು ವಾರ ಅದು, ಒಂದು ವಾರ ಇದು ಹಿಡಿದರೆ ನೋಟ್‌ಬುಕ್ಕಿನ ಅಂಕಿಗೆ ಅರ್ಥವಿಲ್ಲ. ತೂಕದ ಮಷಿನ್ ಮೇಲೆ ನಿಂತು, ರಾಡ್ ಹಿಡಿದು ಒಮ್ಮೆ, ಬಿಟ್ಟು ಒಮ್ಮೆ ನೋಡಿ ಕಳೆದರೆ ಗೊತ್ತಾಗುತ್ತದೆ.

ಸ್ಕ್ವಾಟಿನಲ್ಲಿ ಅವನ ಹಿಮ್ಮಡಿ ಏಳುತ್ತಿತ್ತು. ಓಡುವ ಶೂಗಳ ಮೆತ್ತನೆ ಅಡಿ ಭಾರಕ್ಕೆ ಒತ್ತಿಹೋಗುತ್ತದೆ. ಶೂ ಬಿಚ್ಚಿಸಿ, ಹಿಮ್ಮಡಿಯ ಕೆಳಗೆ 2.5ರ ಎರಡು ಪ್ಲೇಟ್ ಇಟ್ಟ ಕೂಡಲೇ ತೊಡೆ ಮಂಡಿಗಿಂತ ಕೆಳಗಿಳಿಯಿತು. ರೊಮೇನಿಯನ್ ಡೆಡ್‌ಲಿಫ್ಟಿನಲ್ಲಿ ರಾಡ್ ತೊಡೆಗೆ ಒರೆಸಿಕೊಂಡೇ ಇಳಿಯಬೇಕು, ಸೊಂಟ ಹಿಂದೆ ಹೋಗುವುದು ನಿಂತಲ್ಲಿ ರಾಡೂ ನಿಲ್ಲಬೇಕು. ಅದಕ್ಕಿಂತ ಕೆಳಗೆ ಹೋದರೆ ಬಗ್ಗುವುದು ಬೆನ್ನು. ಮಳೆಗಾಲದಲ್ಲಿ ರಾಡ್ ಬೆವರಿಗೆ ಜಾರುತ್ತದೆ, ಪ್ರತಿ ಸೆಟ್ಟಿಗೂ ಟವೆಲಿನಲ್ಲಿ ಒರೆಸಿ.

ಊಟದ ಲೆಕ್ಕ ಚಿಕ್ಕದು. 2018ರಲ್ಲಿ 49 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ ದೇಹದ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಿಕ್ಕರೆ ಸಾಕು. 61 ಕಿಲೋದ ಹುಡುಗನಿಗೆ 98 ಗ್ರಾಂ. ನಾಲ್ಕು ಮೊಟ್ಟೆಗೆ 24, ಅರ್ಧ ಲೀಟರ್ ಹಾಲಿಗೆ 16, ಒಣ ಸೋಯಾ ಚಂಕ್ಸ್ 50 ಗ್ರಾಮಿಗೆ 26. ಉಳಿದದ್ದು ಬಂಗುಡೆ, ಬೇಳೆ, ಮೊಸರು, ಶೇಂಗಾದಿಂದ ಬಂದೀತು. ವಾರಕ್ಕೆ ಮೂರು ಬೆಳಿಗ್ಗೆ ತೂಕ ನೋಡಿ ಸರಾಸರಿ ತೆಗೆಯಬೇಕು. ವಾರಕ್ಕೆ 150ರಿಂದ 300 ಗ್ರಾಂ ಏರಿದರೆ ಸರಿ. ಎರಡು ವಾರ ಏರದಿದ್ದರೆ ಎರಡು ಚಪಾತಿ ಹೆಚ್ಚು.

"ನಾಲ್ಕು ದಿನದ್ದು ಯಾವಾಗ ಅಣ್ಣ?"

ಭಾರ ಏರಿದಂತೆ ವಿಶ್ರಾಂತಿ ಉದ್ದವಾಗಿ ಒಂದು ದಿನದ ಕೆಲಸ 75 ನಿಮಿಷ ದಾಟಿದಾಗ, ಮತ್ತು ಹಾಜರಿ ಪುಸ್ತಕದಲ್ಲಿ ವಾರಕ್ಕೆ ನಾಲ್ಕು ಸಹಿ ಎರಡು ತಿಂಗಳು ಬಿಡದೆ ಕಂಡಾಗ. ಆಗ ಸೊಂಟದ ಮೇಲಿನದು ಎರಡು ದಿನ, ಕೆಳಗಿನದು ಎರಡು ದಿನ ಮಾಡಬಹುದು.

ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಅವನು ಮೊದಲ ಸಾಲು ಬರೆದ: ಸ್ಕ್ವಾಟ್, ದಪ್ಪ ರಾಡ್, 35 ಕಿಲೋ, 9, 8, 8.